ಯಾಣದ ಶಿಲಾಶಿಖರಗಳು ಮತ್ತು ಅಘನಾಶಿನಿಯ ಕಣಿವೆ



ಮೈಸೂರಿನಿಂದ ನಂಜನಗೂಡಿಗೆ ರೈಲುಗಾಡಿಯಲ್ಲಿ ಹೋಗಿರುವವರೆಲ್ಲರೂ ತಾಂಡವಪುರದ ಸ್ಟೇಷನ್ನನ್ನು ನೋಡಿಯೇ ಇರುವರು. ಆದರೆ ಯಾತ್ರಿಕರ ಮನಸ್ಸು ಮುಂದಿರುವ ಶ್ರೀಕಂಠೇಶ್ವರನ ಗೋಪುರದಲ್ಲಿಯೇ ನೆಟ್ಟಿರುವುದರಿಂದ ನಮ್ಮ ಊರನ್ನು ಗಮನಿಸುವವರು ಬಹು ಕಡಿಮೆ. ಇದಕ್ಕಾಗಿ ನಮಗೆ ಬೇಸರವೇನೂ ಇಲ್ಲ. ಎದುರಿಗಿರುವ ದೊಡ್ಡದನ್ನು ನೋಡುವ ಆತುರದಲ್ಲಿ ಕಾಲಬಳಿಯಲ್ಲಿರುವ ಚಿಕ್ಕದನ್ನು ಮರೆಯುವುದು ಮನುಷ್ಯರಿಗೆ ಸಹಜವಾದುದು. ಈ ದಿನ ನಾವು ಅರಿಕೆ ಮಾಡತಕ್ಕ ವಿಷಯವಾದರೋ ಅಂತಹ ಒಂದು ಚಿಕ್ಕ ವಸ್ತುವಿನಿಂದಲೇ ಆರಂಭವಾಗುವುದು.

ನಮ್ಮ ಸೀಮೆಯ ಎರೆಹೊಲಗಳನ್ನು ಉಳುವಾಗ ಬಿಳಿಯ ಹರಳುಗಳು ಮೇಲಕ್ಕೆ ಬರುವುದುಂಟು. ಅವು ನೆಲ್ಲಿಕಾಯಿಗಿಂತ ದೊಡ್ಡವಲ್ಲ, ಮೇಲ್ಮೈ ಗಂಟುಗಂಟಾಗಿರುವುದು. ಹಿಂದಿನ ಕಾಲದಲ್ಲಿ ಇವನ್ನೇ ಆಯ್ದು ಸುಟ್ಟು, ನೀರೆರೆದು ಅರಳಿಸಿ, ಗೋಡೆಗೆ ಬಳಿಯುವ ಸುಣ್ಣವನ್ನು ಮಾಡುತ್ತಿದ್ದರು. ನಮ್ಮ ಬಳಗದಲ್ಲಿ ಉಪಾಧ್ಯಾಯರಾಗಿರುವ ಮಿತ್ರರೊಬ್ಬರು ಒಂದು ದಿನ ಹುಡುಗರನ್ನು ಸುತ್ತಲೂ ಕೂರಿಸಿಕೊಂಡು, ಇಂತಹ ಹರಳಿನ ಮೇಲೆ ನಿಂಬೆಯ ಹಣ್ಣನ್ನು ಹಿಂಡಿದರು. ಹರಳು ಸಣ್ಣಗೆ ಸದ್ದುಮಾಡುತ್ತ ನೊರೆಬಿಟ್ಟಿತು. ಹುಡುಗನೊಬ್ಬನು, “ಸಾರ್, ಹುಳಿಗೆ ಕಲ್ಲು ಕರಗುವುದಾದರೆ ಮಳೆಗೂ ಕರಗುವುದೇ?” ಎಂದು ಕೇಳಿದನು. ಉಪಾಧ್ಯಾಯರು ಸ್ವಲ್ಪ ಯೋಚಿಸಿ, “ಕರಗುವುದಪ್ಪ; ಆದರೆ ಅದನ್ನು ಕಣ್ಣಾರೆ ನೋಡಬೇಕಾದರೆ ಯಾಣಕ್ಕೆ ಹೋಗಬೇಕು” ಎಂದರು. ನಾವು ಉತ್ತರ ಕನ್ನಡ ಜಿಲ್ಲೆಯ ಯಾತ್ರೆಯನ್ನು ಕೈಗೊಂಡುದಕ್ಕೆ ಈ ಒಂದು ಮಾತೇ ಕಾರಣ. ಪ್ರಶ್ನೆ ಕೇಳಿದ ಆ ಹುಡುಗನನ್ನೂ ಅವನ ತಂದೆಯವರ ಒಪ್ಪಿಗೆ ಪಡೆದು ಜೊತೆಯಲ್ಲಿ ಕರೆದುಕೊಂಡೆವು.

ಮಳೆಗಾಲದಲ್ಲಿ ಆ ಕಾಡುಗಳಲ್ಲಿ ದಾರಿ ಜಾರುವುದು. ಉಂಬಳಗಳ ಕಾಟವೂ ಹೇಳತೀರದು. ಬೇಸಗೆಯಲ್ಲಾದರೋ ಹಳ್ಳಗಳು ಸೊರಗಿರುವುವು. ಆದಕಾರಣ ಕಾರ್ತಿಕ ಮಾಸ ಕಳೆದ ಮೇಲೆ ಹೊರಟೆವು. ಮೈಸೂರಿನಲ್ಲಿ ರಾತ್ರಿಯ ಗಾಡಿಯನ್ನು ಹತ್ತಿ, ಶಿವಮೊಗ್ಗ ಸಾಗರಗಳನ್ನು ಹಾದು, ರೈಲುದಾರಿಯ ಕೊನೆಯ ನಿಲ್ದಾಣವಾದ ತಾಳಗುಪ್ಪದಲ್ಲಿ ಇಳಿದೆವು. ಅಲ್ಲಿಂದ ಸಿದ್ಧಾಪುರ ಬಹು ಸಮೀಪ. ಸಿದ್ಧಾಪುರವನ್ನು ದಾಟಿದೊಡನೆಯೇ ನೋಟವೆಲ್ಲವೂ ಬದಲಾಯಿಸುವುದು. ನಮ್ಮ ಕಡೆಯಲ್ಲಿ ಕಣ್ಣು ಹರಿಯುವಷ್ಟು ದೂರ ಬಯಲು. ಇಲ್ಲಿ ನಾಲ್ಕು ಮಾರಿನಾಚೆ ಏನಿದೆಯೆಂಬುದೇ ತಿಳಿಯದು. ಕಣಿವೆಯ ತಳದಲ್ಲಿ ಅಡಕೆಯ ತೋಟ. ಅದರ ಮೇಲೆ ತೋಟಕ್ಕೆ ಗೊಬ್ಬರದ ಎಲೆಯನ್ನು ಒದಗಿಸುವ ಸೊಪ್ಪಿನ ಬೆಟ್ಟ. ಅದರಾಚೆ ದಟ್ಟವಾದ ಅಡವಿ.

ಈ ಸೀಮೆಯ ಜೀವನದಿ ಅಘನಾಶಿನಿ. ಅಘವೆಂದರೆ ಪಾಪ; ಪಾಪವನ್ನು ನಾಶಮಾಡುವವಳೆಂದು ಹೆಸರಿನ ಅರ್ಥ. ಶಿರಸಿ ಪಟ್ಟಣದ ಶಂಕರಹೊಂಡದಿಂದ ಒಂದು ಕವಲೂ, ಮಂಜುಗುಣಿಯ ಕಡೆಯಿಂದ ಇನ್ನೊಂದು ಕವಲೂ ಹುಟ್ಟಿ, ಕೂಡಿ, ಘಟ್ಟವನ್ನಿಳಿದು ಕುಮಟೆಯ ಬಳಿ ಪಶ್ಚಿಮ ಸಮುದ್ರವನ್ನು ಸೇರುವುವು. ನಮ್ಮ ಕಪಿಲೆಯಾದರೋ ವಯನಾಡಿನಲ್ಲಿ ಹುಟ್ಟಿ, ನಂಜನಗೂಡನ್ನು ಸುತ್ತಿ, ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಬೆರೆತು ಪೂರ್ವ ಸಮುದ್ರಕ್ಕೆ ಹೋಗುವಳು. ಕಪಿಲೆಗೆ 1974ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಅಣೆಕಟ್ಟು ಪೂರ್ಣವಾಯಿತು. ಅದರ ನೀರಿನಿಂದ ನಮ್ಮ ಗದ್ದೆಗಳು ಹಸಿರಾಗಿರುವುದನ್ನು ನಾವು ಕೃತಜ್ಞತೆಯಿಂದ ನೆನೆಯತಕ್ಕವರು. ಅಘನಾಶಿನಿಗೆ ಇಂದಿನವರೆಗೂ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ತಾನು ಹುಟ್ಟಿದಲ್ಲಿಂದ ಕಡಲಿನವರೆಗೆ ತಡೆಯಿಲ್ಲದೆ ಹರಿಯುವ ನದಿಗಳು ನಮ್ಮ ದೇಶದಲ್ಲಿ ಕೆಲವೇ ಉಳಿದಿರುವುವು. ಅವುಗಳಲ್ಲಿ ಇವಳೂ ಒಬ್ಬಳು.

ಘಟ್ಟದ ಅಂಚಿನಲ್ಲಿ ಈ ನದಿಯು ಸುಮಾರು 380 ಅಡಿಗಳ ಆಳಕ್ಕೆ ಧುಮುಕುವುದು. ಇದಕ್ಕೆ ಉಂಚಳ್ಳಿಯ ಜಲಪಾತವೆಂದು ಹೆಸರು. ಸದ್ದಿನಿಂದ ಕಿವಿ ಕೆಪ್ಪಾಗುವುದೆಂಬ ಕಾರಣದಿಂದ ಸುತ್ತಲಿನ ಜನರು ಇದನ್ನು ಕೆಪ್ಪಜೋಗವೆಂದು ಕರೆಯುವರು. 1845ರಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರು ಇದನ್ನು ಕಂಡುಹಿಡಿದರೆಂದು ಬರೆದಿರುವುದುಂಟು. ಕಂಡುಹಿಡಿದರೆಂಬ ಮಾತನ್ನು ಕೇಳಿ ನಮಗೆ ನಗು ಬಂದಿತು. ಕೆಪ್ಪಜೋಗವೆಂದು ಹೆಸರಿಟ್ಟವರು ಅದರ ಸದ್ದನ್ನು ಕೇಳದೆಯೇ ಹೆಸರಿಟ್ಟರೇ? ಅದೇ 1845ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ರಾಣಿಯವರು ನಂಜನಗೂಡಿನ ಮಹಾದ್ವಾರದ ಗೋಪುರವನ್ನು ಕಟ್ಟಿಸಿದರು. ಆ ಗೋಪುರದ ಎತ್ತರ ಸುಮಾರು 120 ಅಡಿ. ಈ ಅಳತೆಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಇದು ನಮಗೆ ಉಪಯೋಗಕ್ಕೆ ಬರುವುದು.

ಉಂಚಳ್ಳಿಯ ಸುತ್ತಲಿನ ಅಡವಿಯು ಸಿಂಗಳೀಕಗಳ ಮನೆ. ಮುಖದ ಸುತ್ತಲೂ ಬೆಳ್ಳಗಿನ ಕೇಸರ, ತುದಿಯಲ್ಲಿ ಸಿಂಹದಂತೆ ಕುಚ್ಚುಳ್ಳ ಬಾಲ, ಉಳಿದ ಮೈಯೆಲ್ಲ ಕಪ್ಪು. ಪಶ್ಚಿಮ ಘಟ್ಟಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಈ ಕೋತಿಗಳಿಲ್ಲ. ಇವು ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ದಾರಿಯಿರುವಷ್ಟು ದೂರವೇ ಇವುಗಳ ರಾಜ್ಯ. ಸಮೀಪದ ಕತ್ತಲೆಕಾನಿನಲ್ಲಿ ಕಾಡುಜಾಯಿಕಾಯಿಯ ಜಾತಿಯ ಮರಗಳು ಕೆಸರಿನಲ್ಲಿಯೇ ಬೆಳೆದು, ಉಸಿರಾಟಕ್ಕಾಗಿ ಬೇರುಗಳನ್ನು ಮಂಡಿಯಂತೆ ನೀರಿನಿಂದ ಮೇಲಕ್ಕೆತ್ತಿ ನಿಂತಿರುವುವು. ಈ ಅಡವಿಯ ಸುಮಾರು 300 ಚದರ ಕಿಲೋಮೀಟರುಗಳನ್ನು 2011ರಲ್ಲಿ ಸಿಂಗಳೀಕಗಳ ರಕ್ಷಿತ ಪ್ರದೇಶವೆಂದು ಸರ್ಕಾರದವರು ಘೋಷಿಸಿದರು. 2019ರಲ್ಲಿ ಇದನ್ನು ಶರಾವತಿಯ ಅಭಯಾರಣ್ಯದೊಡನೆ ಕೂಡಿಸಿ ಇನ್ನೂ ವಿಸ್ತಾರವಾದ ಸಿಂಗಳೀಕಗಳ ಅಭಯಾರಣ್ಯವನ್ನಾಗಿ ಮಾಡಿದರು.

ಶಿರಸಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಯಾಣಕ್ಕೆ ಹೊರಟೆವು. ಶಿರಸಿಯಿಂದ ಸುಮಾರು 40 ಕಿಲೋಮೀಟರು, ಕುಮಟೆಯಿಂದಲಾದರೆ 31. ಹಿಂದೆ ಈ ಸ್ಥಳಕ್ಕೆ ಕಾಡಿನಲ್ಲಿ ಬಹುದೂರ ನಡೆದೇ ಹೋಗಬೇಕಾಗಿತ್ತು. “ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ” ಎಂಬ ಗಾದೆ ಆ ಕಾಲದ್ದು. ಮೈಯಲ್ಲಿ ಕಸುವಿಲ್ಲದವನಿಗೆ ಯಾಣದ ದರ್ಶನವಿಲ್ಲವೆಂದು ಇದರ ತಾತ್ಪರ್ಯ. 1996ರಲ್ಲಿ ಬಂದ “ನಮ್ಮೂರ ಮಂದಾರ ಹೂವೇ” ಎಂಬ ಚಲನಚಿತ್ರದಲ್ಲಿ ಈ ಬಂಡೆಗಳನ್ನು ಕಂಡ ಮೇಲೆ ನಾಡಿನ ಎಲ್ಲೆಡೆಯಿಂದಲೂ ಜನರು ಬರತೊಡಗಿದರು. ಈಗ ವಾಹನಗಳು ಬಹುಮಟ್ಟಿಗೆ ಹತ್ತಿರದವರೆಗೆ ಹೋಗುವುವು. ಉಳಿದ ಸ್ವಲ್ಪ ದೂರವೇ ನಡಿಗೆ. ಗಾದೆಯ ಸೊಕ್ಕು ಈಗ ಕಾಲಿನಲ್ಲಿರಬೇಕಾದ ಅಗತ್ಯವಿಲ್ಲ. ಅದು ಬೇರೆ ಕಡೆಗೆ ಏರಬಾರದೆಂಬುದೇ ನಮ್ಮ ಪ್ರಾರ್ಥನೆ.

ಮರಗಳ ನಡುವಿನ ಕಾಲುದಾರಿಯಲ್ಲಿ ಹಳ್ಳದ ಸದ್ದನ್ನು ಕೇಳುತ್ತ ನಡೆಯುತ್ತಿರುವಾಗ, ಇದ್ದಕ್ಕಿದ್ದಂತೆ ಎಲೆಗಳ ಮೇಲೆ ಕರಿಯ ಗೋಡೆಯೊಂದು ಏಳುವುದು. ಅದು ಬೆಟ್ಟವಲ್ಲ, ಬೆಟ್ಟಕ್ಕೆ ಇಳಿಜಾರಿರುತ್ತದೆ. ಇದಾದರೋ ನೆಲದಿಂದ ನೆಟ್ಟಗೆ ನಿಂತ ಒಂದೇ ಕಲ್ಲು. ಅಂಚುಗಳು ಗರಗಸದಂತೆ ಚೂಪಾಗಿ, ಮೈಯೆಲ್ಲ ಮೇಲಿನಿಂದ ಕೆಳಕ್ಕೆ ಗೀಚಿದಂತೆ ಗಾಡಿಗಾಡಿಯಾಗಿರುವುದು. ಇದು ಭೈರವೇಶ್ವರ ಶಿಖರ. ಎತ್ತರ 120 ಮೀಟರು, ಎಂದರೆ 390 ಅಡಿಗಳಿಗೂ ಮಿಗಿಲು. ನಂಜನಗೂಡಿನ ಗೋಪುರವನ್ನು ಒಂದರ ಮೇಲೊಂದರಂತೆ ಮೂರು ಬಾರಿ ಇಟ್ಟರೂ ಇದರ ತುದಿ ಮುಟ್ಟದು. ಇದರ ಸಮೀಪದಲ್ಲಿ 90 ಮೀಟರಿನ ಮೋಹಿನಿ ಶಿಖರ. ಸುತ್ತಲೂ ಅಡವಿಯಲ್ಲಿ ಇವುಗಳ ಪರಿವಾರದಂತೆ ಚಿಕ್ಕ ಬಂಡೆಗಳು ಅನೇಕವಾಗಿರುವುವು.

ಹೆಸರಿನ ಹಿಂದೆ ಭಸ್ಮಾಸುರನ ಕಥೆಯುಂಟು. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿಯಾಗುವಂತೆ ವರವನ್ನು ಪಡೆದ ರಾಕ್ಷಸನು, ವರ ಕೊಟ್ಟ ಈಶ್ವರನನ್ನೇ ಬೆನ್ನಟ್ಟಲು, ವಿಷ್ಣುವು ಮೋಹಿನಿಯಾಗಿ ಬಂದು ನರ್ತನದ ನೆಪದಲ್ಲಿ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇರಿಸಿದಳು. ಆ ಬೆಂಕಿಯಿಂದಲೇ ಕಲ್ಲುಗಳು ಕಪ್ಪಾದುವೆಂದು ಸ್ಥಳದವರು ಹೇಳುವರು. ತಾಂಡವಪುರದವರಾದ ನಮಗೆ ಈಶ್ವರನ ನರ್ತನದ ಹೆಸರು ಊರಿನೊಡನೆಯೇ ಬಂದಿರುವುದು. ಮೋಹಿನಿಯ ನರ್ತನದ ಊರನ್ನು ನೋಡಿದುದರಿಂದ ನೆಂಟರ ಮನೆಗೆ ಹೋದಂತಾಯಿತು.

ಇನ್ನು ಕಲ್ಲಿನ ಕಥೆ. ಇದು ಸುಣ್ಣಗಲ್ಲು, ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದ ಕರೆಯುವ ಪುರಾತನ ಶಿಲಾವರ್ಗಕ್ಕೆ ಸೇರಿದುದು, ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಸುಣ್ಣಗಲ್ಲೆಂದರೆ ಕಡಲಿನ ಚಿಪ್ಪುಗಳು ರಾಶಿಬಿದ್ದು ಆದುದೆಂದು ಶಾಲೆಯ ಪುಸ್ತಕಗಳಲ್ಲಿ ಓದಿರುತ್ತೇವೆ. ಅನೇಕ ಕಡೆಗಳಲ್ಲಿ ಅದು ನಿಜವೇ. ಆದರೆ ಈ ಕಲ್ಲು ಹುಟ್ಟಿದ ಕಾಲದಲ್ಲಿ ಚಿಪ್ಪುಳ್ಳ ಪ್ರಾಣಿಗಳೇ ಭೂಮಿಯ ಮೇಲಿರಲಿಲ್ಲ. ಅಂದಿನ ಕಡಲಿನಲ್ಲಿದ್ದುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶವು ತಾನಾಗಿಯೂ, ಈ ಜೀವಿಗಳ ನೆರವಿನಿಂದಲೂ, ತಳದಲ್ಲಿ ಪದರಪದರವಾಗಿ ಕೂಡಿ ಇಂತಹ ಕಲ್ಲುಗಳಾದುವು. ಮುಂದೆ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಗಟ್ಟಿಯಾದುವು.

ಇಂತಹ ಕಲ್ಲನ್ನು ಕೊರೆದು ಶಿಖರಗಳನ್ನಾಗಿ ನಿಲ್ಲಿಸಿದ ಶಿಲ್ಪಿ ಮಳೆಯೇ. ಮಳೆಯ ನೀರು ಆಕಾಶದಿಂದ ಬೀಳುವಾಗ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಸ್ವಲ್ಪ ಹೀರಿಕೊಳ್ಳುವುದು. ಅಡವಿಯ ಮಣ್ಣಿನಲ್ಲಿ, ಕೊಳೆಯುವ ಎಲೆಗಳ ಮತ್ತು ಉಸಿರಾಡುವ ಬೇರುಗಳ ನಡುವೆ ಇಳಿಯುವಾಗ ಅದಕ್ಕಿಂತ ಎಷ್ಟೋ ಹೆಚ್ಚಾಗಿ ಹೀರಿಕೊಳ್ಳುವುದು. ನಾಲಗೆಗೆ ತಿಳಿಯದಷ್ಟು ಸೂಕ್ಷ್ಮವಾದ ಹುಳಿ ಅದು. ಆದರೆ ಸುಣ್ಣಗಲ್ಲಿಗೆ ಅಷ್ಟು ಸಾಕು. ಬಿರುಕಿನಲ್ಲಿ ಇಳಿದ ನೀರು ವರ್ಷವರ್ಷವೂ ಅದನ್ನು ಅಗಲಿಸುತ್ತ, ಮೆತ್ತಗಿನ ಭಾಗವನ್ನು ಕೊಂಡೊಯ್ಯುತ್ತ, ಗಟ್ಟಿಯಾದುದನ್ನು ಉಳಿಸುತ್ತ ಬರುವುದು.

ಹಾಗಾದರೆ ನಮ್ಮ ಹೊಲದಲ್ಲಿ ಸುಣ್ಣದ ಹರಳು ಕರಗದೆ ಹುಟ್ಟುವುದೇಕೆ? ಹುಡುಗನು ಅಲ್ಲಿಯೇ ಈ ಪ್ರಶ್ನೆಯನ್ನು ಕೇಳಿದನು. ಉಪಾಧ್ಯಾಯರು ಹೇಳಿದ ಉತ್ತರ ಇದು. ನಂಜನಗೂಡಿನ ಕಡೆಯಲ್ಲಿ ವರ್ಷಕ್ಕೆ ಬೀಳುವ ಮಳೆ 28 ಅಂಗುಲದ ಆಸುಪಾಸು. ಅದು ಮಣ್ಣಿನಲ್ಲಿ ಸ್ವಲ್ಪ ಇಳಿದು ಸುಣ್ಣವನ್ನು ಕರಗಿಸುವುದು. ಬಿಸಿಲೇರಿದಾಗ ನೀರು ಆರಿ, ಸುಣ್ಣವು ಅಲ್ಲಿಯೇ ಹರಳುಗಟ್ಟುವುದು. ಘಟ್ಟದ ಈ ಭಾಗದಲ್ಲಿ ಮಳೆ 120 ಅಂಗುಲವನ್ನು ಮೀರುವುದು. ಇಲ್ಲಿ ನೀರಿಗೆ ಆರುವುದಕ್ಕೆ ಹೊತ್ತಿಲ್ಲ. ಕರಗಿಸಿದುದನ್ನು ಹೊತ್ತುಕೊಂಡು ಹಳ್ಳಕ್ಕೆ ಓಡುವುದು. ಕಲ್ಲನ್ನು ಕೂಡಿಸುವುದೂ ಮಳೆಯೇ, ಕಳೆಯುವುದೂ ಮಳೆಯೇ. ಭೇದವಿರುವುದು ಅಳತೆಯಲ್ಲಿ ಮಾತ್ರ. ತಾಂಡವಪುರದ ಹರಳಿಗೂ ಯಾಣದ ಶಿಖರಕ್ಕೂ ಇರುವ ನಂಟು ಇದು.

ಭೈರವೇಶ್ವರ ಶಿಖರದ ಬುಡದಲ್ಲಿ ಗುಹೆಯೊಂದಿದ್ದು, ಅದರಲ್ಲಿ ಸ್ವಯಂಭೂವೆಂದು ಪೂಜಿಸುವ ಲಿಂಗವಿದೆ. ಮೇಲಿನ ಕಲ್ಲಿನಿಂದ ನೀರು ಹನಿಹನಿಯಾಗಿ ಜಿನುಗಿ ಲಿಂಗದ ಮೇಲೆ ಬೀಳುವುದು, ಇದನ್ನು ಗಂಗೋದ್ಭವವೆನ್ನುವರು. ಜೊತೆಯಲ್ಲಿ ಚಂಡಿಕೆಯ ಸನ್ನಿಧಿಯೂ ಉಂಟು. ಅವಳ ಹೆಸರಿನ ಚಂಡಿಹೊಳೆಯೇ ಇಲ್ಲಿಂದ ಹೊರಟು ಅಘನಾಶಿನಿಯನ್ನು ಸೇರುವುದು. ಶಿವರಾತ್ರಿಯಲ್ಲಿ ಜಾತ್ರೆ ಸೇರುವುದು. ಭಕ್ತರು ಇಲ್ಲಿಯ ತೀರ್ಥವನ್ನು ಗೋಕರ್ಣದ ಮಹಾಬಲೇಶ್ವರನ ಅಭಿಷೇಕಕ್ಕಾಗಿ ಒಯ್ಯುವರು. ಬಂಡೆಯ ಒಡಲಿನ ಸೀಳಿನಲ್ಲಿ ಹತ್ತಿ ಇಳಿದು ಒಂದು ಸುತ್ತು ಬರಬಹುದು. ಎರಡು ಕಡೆಯೂ ತಣ್ಣಗಿನ ಗೋಡೆ, ಮೇಲೆ ಬಹುದೂರದಲ್ಲಿ ಒಂದು ಗೆರೆಯಷ್ಟು ಆಕಾಶ. ಅಲ್ಲಿ ಯಾರೂ ಹೇಳದೆಯೇ ನಮ್ಮ ಮಾತು ತಗ್ಗಿತು. ತಗ್ಗಿಸುವುದಕ್ಕೆ ಬೇರೊಂದು ಕಾರಣವೂ ಇತ್ತು. ಎತ್ತರದ ಕಲ್ಲಿನಲ್ಲಿ ಹೆಜ್ಜೇನಿನ ಹುಟ್ಟುಗಳು ಸಾಲಾಗಿ ತೂಗುತ್ತಿದ್ದುವು. ಕೂಗಾಟಕ್ಕೂ ಹೊಗೆಗೂ ಅವು ಕೆರಳಿದರೆ ಓಡುವುದಕ್ಕೆ ಸ್ಥಳವಿಲ್ಲ.

ಹೊರಕ್ಕೆ ಬಂದಾಗ ನಡೆದ ಸಂಗತಿಯನ್ನು ಮರೆಮಾಚದೆ ಹೇಳುತ್ತೇವೆ. ನಮ್ಮ ಹುಡುಗನ ಕೈಯಲ್ಲಿ ಅಂಗೈಯಗಲದ ಕಲ್ಲಿನ ಚೂರೊಂದಿತ್ತು. ನೆಲದಲ್ಲಿ ಬಿದ್ದಿದ್ದುದಲ್ಲ, ಗೋಡೆಯ ಚೂಪಾದ ಅಂಚಿನಿಂದ ಮುರಿದುದು. ಊರಿನ ಹರಳಿನ ಪಕ್ಕದಲ್ಲಿಟ್ಟು ಶಾಲೆಯಲ್ಲಿ ತೋರಿಸಬೇಕೆಂಬುದು ಅವನ ಆಸೆ. ನಾವು ದೊಡ್ಡವರು ಅವನನ್ನು ಗದರಿಸಲಿಲ್ಲ. ನಿಜ ಹೇಳುವುದಾದರೆ, ಒಂದು ಚೂರಿನಿಂದ ಆಗುವುದೇನೆಂದು ನಮಗೂ ಅನಿಸಿತು. ದಾರಿ ತೋರಿಸುವುದಕ್ಕೆ ಬಂದಿದ್ದ ಆ ಊರಿನ ವೃದ್ಧ ಕೃಷಿಕರು ಅದನ್ನು ನೋಡಿ ಮೆಲ್ಲಗೆ, “ತಮಾ, ಅದನ್ನು ಒಯ್ದರೆ ಅದು ಕಲ್ಲು, ಇಲ್ಲಿದ್ದರೆ ಅದು ಯಾಣ. ದಿನಕ್ಕೆ ನೂರು ಜನ ಬರುತ್ತಾರೆ, ನೂರು ಜನಕ್ಕೂ ಶಾಲೆ ಉಂಟು” ಎಂದರು. ಹುಡುಗನು ಏನೂ ಹೇಳದೆ ಹಿಂದಕ್ಕೆ ಹೋಗಿ ಚೂರನ್ನು ಗೋಡೆಯ ಬುಡದಲ್ಲಿಟ್ಟು ಬಂದನು. ಆದರೆ ಮುರಿದ ಗುರುತು ಅಲ್ಲಿಯೇ ಉಳಿಯಿತು. ಅದಕ್ಕೆ ಹುಡುಗನಿಗಿಂತ ನಾವೇ ಹೆಚ್ಚು ಹೊಣೆಗಾರರು.

ಕಲ್ಲಿನ ಕಾಲಮಾನವು ನಮ್ಮದಲ್ಲ. ಇದೇ ಜಿಲ್ಲೆಯಲ್ಲಿ, ಕಾಳೀ ನದಿಯ ಕಣಿವೆಯಲ್ಲಿ, ದಾಂಡೇಲಿಯ ಸಮೀಪದ ಕವಳೆ ಗುಹೆಯೂ ಸುಣ್ಣಗಲ್ಲಿನದೇ. ಅಲ್ಲಿ ಜಿನುಗುವ ನೀರು ತಾನು ಹೊತ್ತುತಂದ ಸುಣ್ಣವನ್ನು ಹನಿಹನಿಯಾಗಿ ಬಿಟ್ಟು ಲಿಂಗಾಕಾರವಾದ ಕಲ್ಲನ್ನು ಬೆಳೆಸಿರುವುದು. ಇಂತಹ ಕಲ್ಲು ಸಾಮಾನ್ಯವಾಗಿ ಬೆಳೆಯುವುದು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಒಂದು ಅಂಗುಲಕ್ಕೆ 250 ವರ್ಷ. ನಂಜನಗೂಡಿನ ಹಳೆಯ ಸೇತುವೆಯನ್ನು ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದರು. ಅದರ ಮೇಲೆ ದಂಡು ನಡೆಯಿತು, ಬಂಡಿ ನಡೆಯಿತು, ರೈಲೂ ನಡೆಯಿತು. ಅಷ್ಟು ಕಾಲದಲ್ಲಿ ಗುಹೆಯ ಕಲ್ಲು ಒಂದು ಅಂಗುಲಕ್ಕೆ ಸ್ವಲ್ಪ ಮಿಗಿಲಾಗಿ ಬೆಳೆದಿರುವುದು. ಕೈಯಿಂದ ಮುರಿಯುವುದಕ್ಕೆ ಒಂದು ನಿಮಿಷವೂ ಬೇಡ.

ಯಾಣದ ಸಮೀಪದಲ್ಲಿಯೇ, ಅಂಕೋಲೆ ತಾಲ್ಲೂಕಿನ ಅಚವೆಯ ಬಳಿ, ವಿಭೂತಿ ಜಲಪಾತವೆಂಬುದುಂಟು. ನೀರು ಹೆಚ್ಚು ಎತ್ತರದಿಂದ ಬೀಳುವುದಿಲ್ಲ. ಆದರೆ ಸುಣ್ಣಗಲ್ಲಿನ ಮೆಟ್ಟಿಲುಗಳ ಮೇಲೆ ಬೆಳ್ಳಗೆ ಹರಡಿ ಇಳಿಯುವುದು. ಆ ಬಿಳುಪಿನಿಂದಲೇ ವಿಭೂತಿಯೆಂಬ ಹೆಸರು. ಅದೇ ಕಲ್ಲು ಒಂದೆಡೆ ಕರಿಯ ಶಿಖರವಾಗಿ ಹೆದರಿಸುವುದು. ಇನ್ನೊಂದೆಡೆ ಬಿಳಿಯ ಬೂದಿಯಾಗಿ ಹಣೆಗೆ ಬರುವುದು.

ಮಧ್ಯಾಹ್ನ ಆ ವೃದ್ಧರ ಮನೆಯಲ್ಲಿ ಊಟ. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೂ ತಂಬುಳಿಯನ್ನೂ ಬಡಿಸಿದರು. ಘಮಘಮಿಸುವ ಆ ಮಾವಿನ ಮರಗಳು ಅಘನಾಶಿನಿಯ ದಂಡೆಯಲ್ಲಿ ತಾವಾಗಿಯೇ ಬೆಳೆಯುವುವು. ಊಟವಾದ ಮೇಲೆ ವೃದ್ಧರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. “ದೇವರ ಮೇಲೆ ನೀರು ಬೀಳುವುದು ಕಲ್ಲಿನ ಮಹಿಮೆಯೆಂದು ಬಂದವರು ತಿಳಿಯುತ್ತಾರೆ. ಮೇಲಿನ ಕಾಡು ಹೋದರೆ ಅಭಿಷೇಕವೂ ಹೋಯಿತು” ಎಂದರು. ಇದು ಭಕ್ತಿಯ ಮಾತೂ ಹೌದು, ವಿಜ್ಞಾನದ ಮಾತೂ ಹೌದು. ಮಳೆಯನ್ನು ಎಲೆಯಲ್ಲಿ ತಡೆದು, ಮಣ್ಣಿನಲ್ಲಿ ಹಿಡಿದಿಟ್ಟು, ಬಿರುಕಿನೊಳಕ್ಕೆ ಮೆಲ್ಲಗೆ ಬಿಡುವುದು ಅಡವಿ. ಅಡವಿಯಿಲ್ಲದಿದ್ದರೆ ಮಳೆ ಒಂದೇ ದಿನದಲ್ಲಿ ಜಾರಿಹೋಗುವುದು. ಬೇಸಗೆಯಲ್ಲಿ ಗುಹೆ ಒಣಗುವುದು.

ಕೊನೆಯ ದಿನ ಕುಮಟೆಗೆ ಇಳಿದು ನದಿಯು ಕಡಲನ್ನು ಸೇರುವ ಅಳಿವೆಯನ್ನು ನೋಡಿದೆವು. ನೀರು ಇಳಿದ ಹೊತ್ತಿನಲ್ಲಿ ನೂರಾರು ಜನರು, ಅವರಲ್ಲಿ ಹೆಂಗಸರೂ ಬಹುಮಂದಿ, ಕೆಸರಿನಲ್ಲಿ ಬಾಗಿ ಚಿಪ್ಪುಗಳನ್ನು ಆಯುತ್ತಿದ್ದರು. ಒಳಗಿನ ಮಾಂಸವು ಆಹಾರಕ್ಕೆ, ಚಿಪ್ಪು ಸುಣ್ಣಕ್ಕೆ. ಉಪ್ಪುನೀರನ್ನು ಸಹಿಸುವ ಕಗ್ಗವೆಂಬ ಭತ್ತವನ್ನು ಈ ಅಳಿವೆಯ ಗದ್ದೆಗಳಲ್ಲಿ ಬೆಳೆಯುವರು. ಹಿಂದೊಮ್ಮೆ ತದಡಿಯಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರವನ್ನು ಸ್ಥಾಪಿಸುವ ಯೋಚನೆ ಬಂದು, ಜನರ ವಿರೋಧದಿಂದ ಕೈಬಿಟ್ಟುಹೋಯಿತು. ಈ ಅಳಿವೆಗೆ ರಾಮ್ಸಾರ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವವುಳ್ಳ ಜೌಗುಭೂಮಿಯೆಂಬ ಮನ್ನಣೆ ದೊರೆಯಿತು. ನದಿಗಳೆಲ್ಲವೂ ಬೆಟ್ಟದ ಸುಣ್ಣವನ್ನು ಕಡಲಿಗೆ ತರುವುವು. ಕಡಲಿನ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುವುವು. ಯಾಣದಲ್ಲಿ ಕರಗಿದುದು ಎಲ್ಲಿಯೂ ಹಾಳಾಗಿಲ್ಲ. ಆ ಹೆಂಗಸರ ಬುಟ್ಟಿಯನ್ನು ನೋಡಿದಾಗ ನಮಗೆ ಶಿಖರದ ಸಂಪೂರ್ಣ ದರ್ಶನವಾಯಿತೆಂದು ಅನಿಸಿತು.

ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಯಾಣವನ್ನು ಅವಶ್ಯವಾಗಿ ನೋಡಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಹೋಗುವಾಗ ತೆಗೆದುಕೊಂಡು ಹೋದ ಬುತ್ತಿಯ ಕಾಗದವನ್ನೂ ನೀರಿನ ಸೀಸೆಯನ್ನೂ ತಿರುಗಿ ತನ್ನಿ. ಜೇನಿನ ಕೆಳಗೆ ಕೂಗಬೇಡಿ. ಕಲ್ಲಿನ ಮೇಲೆ ಹೆಸರನ್ನು ಕೆತ್ತಬೇಡಿ. 250 ಕೋಟಿ ವರ್ಷಗಳ ಕಲ್ಲಿಗೆ ನಮ್ಮ ಹೆಸರು ಬೇಕಾಗಿಲ್ಲ. ಗೆಳೆಯರಿಗೆ ತೋರಿಸುವುದಕ್ಕೆ ಏನಾದರೂ ಬೇಕಾದರೆ ನಿಮ್ಮ ಊರಿನ ಹೊಲದಲ್ಲಿಯೇ ಒಂದು ಹರಳು ಸಿಕ್ಕಬಹುದು. ಅದರ ಮೇಲೆ ನಿಂಬೆಯ ಹಣ್ಣನ್ನು ಹಿಂಡಿ ನೋಡಿ.

ನಮ್ಮ ಹುಡುಗನು ಈಗ ಶಾಲೆಯಲ್ಲಿ ಮಾಡುತ್ತಿರುವುದು ಅದನ್ನೇ. ನೊರೆ ಏಳುವುದನ್ನು ತೋರಿಸಿ, ಬಳಿಕ ಯಾಣದ ಕಥೆಯನ್ನು ಹೇಳುವನು. ಚೂರನ್ನು ಮುರಿದುದನ್ನೂ ಬಿಡದೆ ಹೇಳುವನು. ಆ ಭಾಗವನ್ನು ಮಕ್ಕಳು ಬಹು ಗಮನವಿಟ್ಟು ಕೇಳುವರಂತೆ.